ಇಡ್ಲಿ ತಟ್ಟೆಯ ಕೆಳಗೊಂದು ಸಮುದ್ರ

ನಮ್ಮ ಮಾವ ಊರಿಗೆ ಸಮುದ್ರ ತಂದವನು. ನಗಬೇಡಿ, ನಿಜ. ಮುಳಬಾಗಿಲು ತಾಲ್ಲೂಕು, ಆವನಿ ಹತ್ತಿರದ ನಮ್ಮೂರು, ಅಲ್ಲಿ ಅವನ ಹಳೇ ರೇಷ್ಮೆ ಹುಳದ ಮನೆ. ಅದರೊಳಗೆ ಸಮುದ್ರ ಇದೆ. ಉದ್ದ ಎರಡಡಿ, ಅಗಲ ಒಂದಡಿ. ಉಪ್ಪಿದೆ, ಅಲೆ ಇದೆ, ಒಂದು ಮೀನೂ ಇದೆ. ದಡ ಇರಬೇಕಾದ ಜಾಗದಲ್ಲಿ ಗಾಜಿದೆ, ಅಷ್ಟೇ.

ಇದರಲ್ಲೇನು ದೊಡ್ಡ ಸಂಗತಿ ಅನ್ನುತ್ತೀರಾ? ಸ್ವಾಮಿ, ನಮ್ಮದು ಕೋಲಾರ ಜಿಲ್ಲೆ! ಸಾವಿರ ಅಡಿ ಕೊರೆದರೆ ಬೋರ್‌ವೆಲ್ಲಿನಿಂದ ಮೊದಲು ಧೂಳು ಬರುತ್ತದೆ, ಆಮೇಲೆ ಅಳು ಬರುತ್ತದೆ. ಕುಡಿಯುವ ನೀರಿಗೆ ಜನ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ಲುತ್ತಾರೆ. ಮಾವನೂ ನಿಲ್ಲುತ್ತಾನೆ. ಕ್ಯಾನ್ ಹೊತ್ತು ಮನೆಗೆ ಬರುತ್ತಾನೆ. ಬಂದು ಆ ಸಿಹಿ ನೀರಿಗೆ ಉಪ್ಪು ಸುರಿಯುತ್ತಾನೆ! ಇದನ್ನು ನೋಡಿ ಊರು ತಲೆ ಚಚ್ಚಿಕೊಂಡಿತು. ಪಕ್ಕದ ಮನೆಯ ತಾತ ದಿನಾ ಬೆಳಿಗ್ಗೆ ತೆಲುಗಿನಲ್ಲಿ ಸಮುದ್ರದ ಕ್ಷೇಮ ವಿಚಾರಿಸಿಕೊಳ್ಳುತ್ತಾನೆ.

"ಏಮಯ್ಯಾ, ಸಮುದ್ರಂ ಬಾಗುಂದಾ?"

"ಬಾಗುಂದಿ ತಾತಾ," ಅನ್ನುತ್ತಾನೆ ಮಾವ.

"ತುಫಾನ್ ಗಿಫಾನ್ ಬರೋ ಹಾಗಿದ್ರೆ ಮೊದ್ಲೇ ಹೇಳಪ್ಪ, ದನ ಒಳಗೆ ಕಟ್ಕೋತೀನಿ."

ಹುಚ್ಚೇ, ಒಪ್ಪಿಕೊಳ್ಳುತ್ತೇನೆ. ಆದರೆ ಹುಚ್ಚಿಗೆ ಕಾರಣ ಇತ್ತು. ಮಾವನ ಹೆಂಡತಿ, ನಮ್ಮ ಅತ್ತೆ, ಲಂಗ ಹಾಕುವ ವಯಸ್ಸಿನಿಂದ ರೇಷ್ಮೆ ಹುಳ ಸಾಕಿದವಳು. ಹುಳದ ಮನೆಯ ಧೂಳು, ವಾಸನೆ ಎಲ್ಲಾ ಸೇರಿ ಅವಳಿಗೆ ಉಬ್ಬಸ ಅಂಟಿಸಿತು. ಮಲಗಿದರೆ ಸಾಕು, ಎದೆ ಸೀಟಿ ಹೊಡೆಯುತ್ತಿತ್ತು. ಇನ್ನು ಹುಳ ಮುಟ್ಟಬೇಡಮ್ಮ, ಮುಟ್ಟಿದರೆ ಈ ಎದೆ ತಡೆಯಲ್ಲ ಅಂತ ಕೋಲಾರದ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅತ್ತೆ ಬಿಟ್ಟಳು. ಬಿಟ್ಟ ಮೇಲೆ ಕೈ ಖಾಲಿ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವುದು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು.

ಸಾಕುವುದಕ್ಕೆ ಏನಾದರೂ ಬೇಕು ಅಂತ ಮಾವ ಮೊಲ ತಂದ. ಕೂದಲಿಗೆ ಕೆಮ್ಮು. ಕೋಳಿ ತಂದ. ಪುಕ್ಕಕ್ಕೆ ಕೆಮ್ಮು.

"ಧೂಳಿಲ್ಲದ ಪ್ರಾಣಿ ಯಾವುದ್ಲಾ?" ಅಂತ ನನ್ನ ಕೇಳಿದ.

"ನೀರಲ್ಲಿರೋದು," ಅಂದೆ. ಬಾಯಿ ಮುಚ್ಚಿಕೊಂಡಿದ್ದರೆ ನನಗೂ ಒಳ್ಳೆಯದಿತ್ತು, ಇಡ್ಲಿ ತಟ್ಟೆಗೂ ಒಳ್ಳೆಯದಿತ್ತು.

ಕೆರೆ ಮೀನು ತರುತ್ತಾನೆ ಅಂದುಕೊಂಡಿದ್ದೆ. ಯಾರದೋ ಮದುವೆಗೆ ಅಂತ ಬೆಂಗಳೂರಿಗೆ ಹೋದವನು ಸಾಕುವ ಮೀನಿನ ಅಂಗಡಿಯೊಂದರಲ್ಲಿ ನಿಂತುಬಿಟ್ಟಿದ್ದಾನೆ. ಯಾರೋ ಸಾಕಾಗಿ ಬಿಟ್ಟುಹೋದ ಸಮುದ್ರದ ತೊಟ್ಟಿ, ಅದರ ಲೈಟು ಸಮೇತ ಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ನೀರಿನ ಚೀಲ ಇಟ್ಟುಕೊಂಡು ಬಂದ.

"ಹವಳ ತಂದಿದೀನಿ ಕಣೇ!" ಅಂತ ಬಾಗಿಲಲ್ಲೇ ಕೂಗಿದ.

ಅತ್ತೆಯ ಕೈ ಕೊರಳಿಗೆ ಹೋಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಒಡವೆ! ಚೀಲ ಬಿಚ್ಚಿದರೆ ಒಳಗೆ ಅಣಬೆ ಥರ ಏನೋ ಒಂದು, ಕಲ್ಲಿಗೆ ಕಚ್ಚಿಕೊಂಡು ಕೂತಿದೆ.

"ಇದು ಜೀವ ಇರೋ ಹವಳ ಕಣೇ. ಮೈ ತುಂಬಾ ಬೆರಳು ನೋಡು. ನಿನ್ ಹುಳ ಸೊಪ್ಪಿಗೆ ತಲೆ ಎತ್ತುತ್ತಲ್ಲ, ಹಾಗೇ ಎತ್ತುತ್ತೆ."

"ಸೊಪ್ಪು ತಿನ್ನುತ್ತಾ?"

"ಇಲ್ಲ."

"ಗೂಡು ಕಟ್ಟುತ್ತಾ?"

"ಇಲ್ಲ."

"ಮತ್ತೇನು ತಿನ್ನುತ್ತೆ?"

"ಬೆಳಕು."

ಅತ್ತೆ ನನ್ನ ಕಡೆ ತಿರುಗಿದಳು. "ನಾಳೆ ನಿಮ್ಮ ಮಾವನ್ನ ಒಂದ್ಸಲ ಡಾಕ್ಟ್ರಿಗೆ ತೋರ್ಸ್ಕೊಂಡು ಬಾರಪ್ಪ."

ಆಮೇಲೆ ಒಂದು ಷರತ್ತು ಹಾಕಿದಳು. ಷರತ್ತು ಅಂದರೆ ಷರತ್ತೇ, ನಮ್ಮ ಅತ್ತೆ ಮಾತು ತಪ್ಪುವವಳಲ್ಲ. "ಇದು ಬದುಕಿದ್ರೆ ನಾನು ಹುಳದ ಸುದ್ದಿ ಎತ್ತಲ್ಲ. ಸತ್ತಿತೋ, ಅವತ್ತೇ ಚಾಕಿ ಸೆಂಟರಿಗೆ ಫೋನ್ ಮಾಡಿ ಮರಿಹುಳ ತರಿಸ್ತೀನಿ. ಆಮೇಲೆ ಡಾಕ್ಟ್ರು ಅಡ್ಡ ಬಂದ್ರೂ ಕೇಳಲ್ಲ, ನೀವು ಅಡ್ಡ ಬಂದ್ರೂ ಕೇಳಲ್ಲ."

ಹೀಗೆ ನಮ್ಮತ್ತೆಯ ಉಸಿರು ಒಂದು ಅಣಬೆಯ ಕೈಗೆ ಹೋಯಿತು. ತಿಂಗಳು ತುಂಬುವಷ್ಟರಲ್ಲಿ ವೋಲ್ಟೇಜ್ ಒಂದು ಸಲ ಎಗರಿ ತೊಟ್ಟಿಯ ಲೈಟು ಟಪ್ ಅಂತು. ಹೊಗೆ. ಬೆಳಕೇ ಊಟ ಅನ್ನುವ ಪ್ರಾಣಿಗೆ ಕತ್ತಲೆ! ಮಾವ ನನಗೆ ಫೋನ್ ಮಾಡಿದ.

"ಹೊಸದು ತಗೋ ಮಾವ."

"ಆ ದುಡ್ಡಿಗೆ ಒಂದು ಕರು ಬರುತ್ತೆ ಕಣೋ! ಊರಿಗೆಲ್ಲಾ ಬೆಳಕು ಕೊಡ್ತೀಯ, ನಿಮ್ಮತ್ತೆಗೆ ಕೊಡಕ್ಕಾಗಲ್ವಾ?"

ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನು. ಮುಳಬಾಗಿಲಿನಲ್ಲಿ ಶಾಮಿಯಾನದವರ ಹತ್ತಿರ ಸೀರಿಯಲ್ ಸೆಟ್ ಕಟ್ಟುತ್ತೇನೆ. ಮದುವೆ ಮನೆ, ಗಣೇಶನ ಪೆಂಡಾಲು, ಗೃಹಪ್ರವೇಶ. ನನಗೆ ಗೊತ್ತಿದ್ದ ಬೆಳಕು ಒಂದೇ ಥರದ್ದು, ಮಿಣುಕುವುದು. ಸದ್ಯಕ್ಕಿರಲಿ ಅಂತ ಕೆಂಪು, ಹಸಿರು, ನೀಲಿ ಸರವನ್ನು ತೊಟ್ಟಿಗೆ ಸುತ್ತಿ ಸ್ವಿಚ್ ಹಾಕಿದೆ. ಬೆಳಕು ಓಡಿತು. ಅದರ ಹಿಂದೆ ಮೀನು ಓಡಿತು. ಓಡಿ ಓಡಿ ಸುಸ್ತಾಗಿ ಕಲ್ಲಿನ ಸಂದಿಗೆ ಹೋಗಿ ಮುಖ ಮುಚ್ಚಿಕೊಂಡಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ಮೀನಿಗೆ ಮದ್ವೆನಾ? ಗಂಡು ಯಾವೂರು?"

ಅವಮಾನ ಆಯಿತು. ಮೊಬೈಲಿನಲ್ಲಿ ಕಣ್ಣು ಉರಿಯುವಷ್ಟು ವಿಡಿಯೊ ನೋಡಿದೆ. ಸಂಗತಿ ಇಷ್ಟೇ. ಸಮುದ್ರದ ಒಳಗೆ ಇಳಿಯುತ್ತಾ ಇಳಿಯುತ್ತಾ ಬೆಳಕು ನೀಲಿಯಾಗುತ್ತದೆ. ಅದಕ್ಕೇ ಹವಳಕ್ಕೆ ನೀಲಿ ಎಲ್‌ಇಡಿ ಹೆಚ್ಚು, ಬಿಳಿ ಕಡಿಮೆ ಹಾಕಬೇಕು. ಒಂದೇ ಸಮ ಕರೆಂಟು ಕೊಡುವುದಕ್ಕೆ ಡ್ರೈವರ್ ಅಂತ ಒಂದು ಡಬ್ಬಿ. ಈ ಎಲ್‌ಇಡಿಗಳು ಉರಿಯುವಾಗ ಬೆನ್ನು ಬಿಸಿಯಾಗುತ್ತದೆ, ಬೆನ್ನಿಗೆ ಅಲ್ಯೂಮಿನಿಯಂ ಅಂಟಿಸಿ ಬಿಸಿ ಇಳಿಸದಿದ್ದರೆ ಸುಟ್ಟುಹೋಗುತ್ತವೆ. ಇದನ್ನೆಲ್ಲಾ ಮಾವನಿಗೆ ಹೇಳಿದೆ. ಅವನು ಅಡುಗೆ ಮನೆಗೆ ಹೋಗಿ ಇಡ್ಲಿ ತಟ್ಟೆ ಹಿಡಿದುಕೊಂಡು ಬಂದ.

"ಅಲ್ಯೂಮಿನಿಯಂ ತಾನೇ? ಗುಂಡಿ ಇದೆ, ಒಂದೊಂದ್ ಗುಂಡೀಲಿ ಒಂದೊಂದ್ ಬಲ್ಬು ಕೂರ್ಸು. ತೂತೂ ಇದೆ, ವೈರ್ ಎಳ್ಕೋ. ಇನ್ನೇನ್ಲಾ ಬೇಕು ನಿಂಗೆ?"

ಬೈಯೋಣ ಅಂತ ಬಾಯಿ ತೆಗೆದೆ. ಬೈಯುವಂಥದ್ದು ಏನೂ ಸಿಗಲಿಲ್ಲ. ಇಂಥ ಹಾಳು ಐಡಿಯಾ ಸರಿಯಾಗಿಯೂ ಇದ್ದರೆ ಮನುಷ್ಯ ಏನು ಮಾಡಬೇಕು? ಗುಂಡಿಯ ತಳ ಉಜ್ಜಿ ಮಟ್ಟ ಮಾಡಿದೆ. ಬಿಸಿ ಎಳೆಯುವ ಬಿಳಿ ಪೇಸ್ಟು ಹಚ್ಚುವಾಗ ಮಾವ ಪಕ್ಕದಲ್ಲೇ ಕೂತು, "ತೆಳ್ಳಗೆ ಹಚ್ಚೋ, ದೋಸೆಗೆ ಬೆಣ್ಣೆ ಮೆತ್ತೋ ಹಾಗೆ ಮೆತ್ತಬೇಡ," ಅಂತ ಜೀವ ತಿಂದ. ಹಳೇ ಕಂಪ್ಯೂಟರಿನ ಫ್ಯಾನು ಮೇಲೆ ಕೂರಿಸಿದೆ, ಉಪ್ಪು ನೀರು ಸಿಡಿಯದ ಹಾಗೆ ಕೆಳಗೆ ಅಕ್ರಿಲಿಕ್ ಹಾಳೆ ಕಟ್ಟಿದೆ. ಡ್ರೈವರನ್ನು ನೀರಿನಿಂದ ದೂರ ಗೋಡೆಗೆ ಹೊಡೆದೆ. ತೊಟ್ಟಿಲಿನ ಸರಪಳಿಯಲ್ಲಿ ತೂಗುಹಾಕಿ ಸ್ವಿಚ್ ಒತ್ತಿದೆ. ಹುಳದ ಮನೆ ಪೂರ್ತಿ ನೀಲಿ! ಗೋಡೆ ಮೇಲೆಲ್ಲಾ ನೀರಿನ ನೆರಳು ಆಡಿತು. ಹವಳ ಒಂದೊಂದೇ ಬೆರಳು ಬಿಚ್ಚಿತು. ಮಾವ ನನ್ನ ಬೆನ್ನಿಗೆ ಹೊಡೆದ ಏಟು ಸಂಜೆವರೆಗೂ ಉರಿಯುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಅತ್ತೆ ಹಿಟ್ಟಿನ ಪಾತ್ರೆ ಹಿಡಿದು ಬಂದಳು. "ಇಡ್ಲಿ ತಟ್ಟೆ ಎಲ್ಲೋ?"

ನಾವಿಬ್ಬರೂ ಮೇಲೆ ನೋಡಿದೆವು. ಅವಳೂ ಮೇಲೆ ನೋಡಿದಳು.

"ಸರಿ. ಇವತ್ತಿಂದ ನಿಮ್ಮಿಬ್ಬರಿಗೂ ಬೆಳಕೇ ತಿಂಡಿ."

ಆ ನೀಲಿ ಕಿಟಕಿಯಿಂದ ಇನ್ನೊಂದು ರಗಳೆ. ಒಂದು ಸಂಜೆ ಹೆದ್ದಾರಿ ಕಡೆಯಿಂದ ಇಬ್ಬರು ಗಾಡಿ ನಿಲ್ಲಿಸಿ ನೇರ ಒಳಗೆ ಬಂದರು. "ಅಣ್ಣಾ, ಹೊಸ ಬಾರಾ?" ಮಾವನಿಗೆ ಯಾರು ಬಂದರೂ ಸರಿ, ಸಮುದ್ರ ತೋರಿಸಬೇಕು. ಇಬ್ಬರನ್ನೂ ತೊಟ್ಟಿ ಮುಂದೆ ಕೂರಿಸಿ ಹವಳದ ಮೇಲೆ ಭಾಷಣ ಶುರು ಮಾಡಿದ. ಒಬ್ಬ ಕೊನೆಗೆ ಇನ್ನೊಬ್ಬನ ಕೈ ಹಿಡಿದು ಎದ್ದ. "ನಡಿ ಮಗಾ, ಕುಡಿಯೋಕೆ ಮುಂಚೇನೇ ಅಣಬೆ ಕೈ ಆಡಿಸ್ತಾ ಇದೆ. ಇವತ್ತು ಬೇಡ."

ಎಲ್ಲಾ ಸರಿಯಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಹವಳ ಬೆರಳು ಮುಚ್ಚಿಕೊಂಡು ಕೂತಿದೆ. ಮಾರನೇ ದಿನವೂ ಅಷ್ಟೇ. ಮೈ ಸುಕ್ಕಾಗಿ, ಮೇಣ ಬಳಿದ ಹಾಗೆ ಮಂಕಾಯಿತು. ನನ್ನ ಲೈಟೇ ಅದನ್ನು ಸುಟ್ಟಿತಾ? ತೊಟ್ಟಿ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದರೆ, "ಬೆಳಕು ಜಾಸ್ತಿ ಆಗಿರ್ಬೋದು, ಇಲ್ಲಾ ಕಮ್ಮಿ ಆಗಿರ್ಬೋದು, ಕಾದು ನೋಡಿ," ಅಂದ.

"ಇಷ್ಟು ಹೇಳೋಕೆ ನಾನೇ ಸಾಕಿತ್ತು," ಅಂದ ಮಾವ. ಅತ್ತೆಗೆ ಕಾಣದಿರಲಿ ಅಂತ ತೊಟ್ಟಿಗೆ ಟವೆಲ್ ಹೊದಿಸಿದ. ಗಂಡಸರ ಬುದ್ಧಿ! ಇಷ್ಟು ದಿನ ಬಾ ಬಾ ನೋಡು ಅಂತ ಕರೆಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಟವೆಲ್ ಹೊದಿಸಿದರೆ ಯಾವ ಹೆಂಗಸು ಎತ್ತಿ ನೋಡಲ್ಲ?

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಚಾಕಿ ಸೆಂಟರಿಗೆ ಫೋನ್ ಮಾಡಿದಳು, ಸೋಮವಾರ ಮರಿಹುಳ ಬೇಕು ಅಂದಳು. ಹುಳದ ಮನೆ ತೊಳೆಯಲು ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ ಹಿಡಿದು ಬಂದಳು. ಎರಡು ಸಲ ಪೊರಕೆ ಎಳೆದಿದ್ದೇ ತಡ, ಕೆಮ್ಮು ಹಿಡಿಯಿತು. ಎದೆ ಹಿಡಿದು ಬಾಗಿಲಲ್ಲಿ ಕುಸಿದು ಕೂತಳು. ಮಾವ ಬಕೆಟ್ ಎತ್ತಿ ಹೊರಗೆ ಇಟ್ಟು ಬಂದು ಅವಳ ಬೆನ್ನು ಉಜ್ಜಿದ. ಅವನ ಬಾಯಿಂದ "ಬೇಡ ಕಣೇ" ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ.

"ಸತ್ತಿದ್ದನ್ನ ತೆಗೆದು ಬಿಸಾಕಿ," ಅಂದಳು ಉಸಿರು ಬಂದ ಮೇಲೆ. "ಟ್ರೇ ಇಡೋಕೆ ಜಾಗ ಬೇಕು."

ನಾವು ಅಲ್ಲಾಡಲಿಲ್ಲ. ತಾನೇ ಎದ್ದು ತೊಟ್ಟಿಗೆ ಕೈ ಹಾಕಲು ಹೋದಳು. ಹೋದವಳು ಹಾಗೇ ಬಗ್ಗಿ ಗಾಜಿಗೆ ಮೂಗು ಹಚ್ಚಿ ನಿಂತಳು. ಎಷ್ಟು ಹೊತ್ತಾದರೂ ಏಳಲಿಲ್ಲ.

"ಲೇ, ಇಲ್ಲಿ ಬಾ. ಮೈ ಮೇಲೆ ಪೊರೆ ಎದ್ದಿದೆ ನೋಡು."

"ಕೊಳೀತಿರೋದು ಅತ್ತೆ."

"ನಿನ್ ತಲೆ ಕೊಳೀತಿರೋದು! ಸತ್ತಿಲ್ಲ ಕಣ್ರೋ ಇದು. ಜ್ವರಕ್ಕೆ ಕೂತಿದೆ."

ರೇಷ್ಮೆ ಹುಳ ಬೆಳೆಯುವಾಗ ಆಗಾಗ ಸೊಪ್ಪು ಬಿಟ್ಟು, ಅಲ್ಲಾಡದೆ ಕೂತು, ಹಳೇ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಹುಳ ಜ್ವರದಲ್ಲಿದ್ದರೆ ಮನೆಯಲ್ಲಿ ಯಾರೂ ಗದ್ದಲ ಮಾಡಬಾರದು. ಸಮುದ್ರದ ಪ್ರಾಣಿಗೆ ಮುಳಬಾಗಿಲಿನ ಹುಳದ ಕಾಯಿಲೆ ಹೇಗೆ ಬರುತ್ತದೆ ಅಂತ ಕೇಳಬೇಕು ಅನ್ನಿಸಿತು. ಅತ್ತೆಯ ಮುಖ ನೋಡಿ ಕೇಳಲಿಲ್ಲ. ತಿಂಗಳುಗಟ್ಟಲೆ ಆದ ಮೇಲೆ ಆ ಮುಖದಲ್ಲಿ ಯಜಮಾನಿಕೆ ಬಂದಿತ್ತು.

"ಸೋಮವಾರದ ಒಳಗೆ ಎದ್ರೆ ಸರಿ," ಅಂದಳು. "ಏಳ್ಲಿಲ್ಲ ಅಂದ್ರೆ ನನ್ನ ಮಾತು ಮಾತೇ."

ಶುರುವಾಯಿತು ನೋಡಿ ಪಥ್ಯ. ಮಿಕ್ಸಿ ಬಂದ್. ಟಿವಿಗೆ ದನಿ ಇಲ್ಲ. ಜ್ವರಕ್ಕೆ ಬೆಳಕು ಆಗಲ್ಲ ಅಂತ ಅತ್ತೆ ಇಡ್ಲಿ ತಟ್ಟೆಯ ಕೆಳಗೆ ಪೇಪರ್ ಕಟ್ಟುತ್ತಾಳೆ. ಬೆಳಕಿಲ್ಲದೆ ಹಸಿವಿಗೆ ಸಾಯುತ್ತೆ ಅಂತ ಮಾವ ಬಿಚ್ಚುತ್ತಾನೆ. ಪೊರೆ ಕಳಚಲಿ ಅಂತ ಮಾವ ತೊಟ್ಟಿಯೊಳಗೆ ಅಲೆ ಎಬ್ಬಿಸುವ ಪಂಪಿನ ಮೂತಿಯನ್ನು ಹವಳದ ಕಡೆ ತಿರುಗಿಸುತ್ತಾನೆ. "ಜ್ವರದವರಿಗೆ ಯಾರಾದ್ರೂ ಗಾಳಿ ಹೊಡೀತಾರೇನ್ರೀ?" ಅಂತ ಅತ್ತೆ ಆ ಕಡೆ ತಿರುಗಿಸುತ್ತಾಳೆ. ನಾನು ಇಬ್ಬರ ಮಧ್ಯೆ ನಿಂತು ವೈರ್ ಕಾಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅತ್ತೆ ಕೂಗಿದ ಕೂಗಿಗೆ ಪಕ್ಕದ ಮನೆ ತಾತ ದನ ಕಟ್ಟಲು ಓಡಿದನಂತೆ. ಹೋಗಿ ನೋಡಿದರೆ ಹವಳದ ಮೈಯಿಂದ ಈರುಳ್ಳಿ ಸಿಪ್ಪೆಯಂಥ ಪೊರೆ ಎದ್ದು ನೀರಿನಲ್ಲಿ ತೇಲುತ್ತಿದೆ. ಒಳಗಿನ ಮೈ ಹೊಳೆಯುತ್ತಿದೆ. ಅಂಚಿನಲ್ಲಿ ಒಂದು ಬೆರಳು ಹೊರಗೆ ಬಂತು. ಅದರ ಪಕ್ಕ ಇನ್ನೊಂದು. ಮಧ್ಯಾಹ್ನಕ್ಕೆ ಮೈ ತುಂಬಾ!

"ನನ್ನ ಪಂಪು!" ಅಂದ ಮಾವ.

"ನನ್ನ ಪೇಪರು!" ಅಂದಳು ಅತ್ತೆ.

"ನನ್ನ ಲೈಟು," ಅಂದೆ. ನನ್ನ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ. ಬೇಜಾರೂ ಆಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸೋಮವಾರ ಚಾಕಿ ಸೆಂಟರಿನಿಂದ ಫೋನ್ ಬಂತು. ಅತ್ತೆ ಎತ್ತಿದಳು. "ಹುಳ ಬೇಡಪ್ಪ. ಮನೇಲಿ ಒಂದು ಜ್ವರದಿಂದ ಎದ್ದಿದೆ, ನೋಡ್ಕೋಬೇಕು." ಆ ಕಡೆಯವನು ಯಜಮಾನ್ರಿಗೆ ಹುಷಾರಿಲ್ವಾ ಅಂತ ಕೇಳಿರಬೇಕು. ಅತ್ತೆ ಮಾವನ ಕಡೆ ನೋಡಿ, "ಅವರ ಕಾಯಿಲೆ ಬೇರೆ, ಅದಕ್ಕೆ ಮದ್ದಿಲ್ಲ," ಅಂತ ಫೋನ್ ಇಟ್ಟಳು.

ಆಮೇಲೆ ಒಂದು ಮಧ್ಯಾಹ್ನ ಫ್ಯಾನಿನ ವೈರ್ ಬಿಗಿ ಮಾಡೋಣ ಅಂತ ಹುಳದ ಮನೆಗೆ ಹೋದೆ. ಅತ್ತೆ ತೊಟ್ಟಿಯ ಮುಂದೆ ಚಾಪೆ ಹಾಕಿಕೊಂಡು ಮಲಗಿದ್ದಳು. ಎಷ್ಟೋ ದಿನದ ನಿದ್ದೆ ಅದು, ನೋಡಿದರೆ ಗೊತ್ತಾಗುತ್ತಿತ್ತು. ಅವಳ ತಲೆಯ ಹತ್ತಿರ ಮಾವ ಗೋಡೆಗೆ ಒರಗಿ ಕೂತಿದ್ದ. ನಾನು ಬಾಯಿ ತೆಗೆಯುವುದರೊಳಗೆ ತುಟಿ ಮೇಲೆ ಬೆರಳಿಟ್ಟ.

"ಏನಾದ್ರೂ ಕೇಳಿಸ್ತಾ?" ಅಂತ ಪಿಸುಗುಟ್ಟಿದ.

ಕಿವಿ ಕೊಟ್ಟೆ. "ಏನೂ ಇಲ್ವಲ್ಲ ಮಾವ."

"ಅದೇ ಕಣೋ," ಅಂದ. "ಸೀಟಿ ಹೊಡೀತಿಲ್ಲ ಎದೆ." ಕಣ್ಣು ಒರೆಸಿಕೊಂಡು, ಆ ಏನೂ ಇಲ್ಲದ್ದನ್ನೇ ಮತ್ತೆ ಕೇಳುತ್ತಾ ಕೂತ.