ಸೋಡಿಯಂ ಬ್ಯಾಟರಿ ಮತ್ತು ಬರೀ ಜೋಳದ ರೊಟ್ಟಿ

ತಾನು ಮಾಡದ ಕೆಲಸದ ಬಗ್ಗೆ ಹೆಮ್ಮೆಪಡುವುದು ಬಹಳ ಸುಲಭ. ಸುರಪುರದ ಕಚೇರಿಯಲ್ಲಿ ಬುತ್ತಿ ಬಿಚ್ಚಿದಾಗಲೆಲ್ಲ ನಾನು, "ನಮ್ಮನ್ಯಾಗ ಬರೇ ಜ್ವಾಳರಿ, ಮತ್ತೇನೂ ಕೂಡ್ಸಂಗಿಲ್ಲ" ಎನ್ನುತ್ತಿದ್ದೆ. ರೊಟ್ಟಿಯನ್ನು ಅರಿವೆಯಂತೆ ಮಡಚಬಹುದಿತ್ತು. ಒಮ್ಮೆ ಮನೆಗೆ ಬಂದ ಬೀಗರ ಮುಂದೆಯೂ ಇದನ್ನೇ ಹೇಳಿದೆ. ರೊಟ್ಟಿ ಮಾಡಿದ ನನ್ನ ಹೆಂಡತಿ ಶಾಂತಾ ತಲೆ ತಗ್ಗಿಸಿ ಅವರ ತಾಟಿಗೆ ಇನ್ನೊಂದು ಹಾಕಿದಳು. ಆಕೆ ತೀರಿಹೋಗಿ ಈ ತಿಂಗಳಿಗೆ ವರ್ಷ. ವರ್ಷದ ಎಡೆಗೆ ನನ್ನ ಕೈಯಿಂದಲೇ ಒಂದು ಇಡೀ ರೊಟ್ಟಿ ಮಾಡಿಡಬೇಕೆಂದು ತಟ್ಟಲು ಕಲಿಯತೊಡಗಿದೆ. ಆದರೆ ಹಂಚಿಗೆ ಹಾಕುವ ಮೊದಲೇ ಅಂಚು ಬಿರಿದು, ಸುರಪುರದಿಂದ ಒಡೆದು ಹುಣಸಗಿ ಬೇರೆ ತಾಲ್ಲೂಕಾದಂತೆ, ಒಂದೊಂದು ತುಂಡು ಬೇರೆಯಾಗುತ್ತಿತ್ತು.

ಎಡೆಗೆ ನಾಲ್ಕು ದಿನ ಮೊದಲು ಯಾದಗಿರಿಯಿಂದ ತಂಗಿಯ ಮಗಳು ರೇಖಾ ಬಂದಳು. ಸೋಡಿಯಂ ಬ್ಯಾಟರಿಯ ಮೇಲೆ ಸಂಶೋಧನೆ ಮಾಡುವ ಹುಡುಗಿ. ತಾಟಿನಲ್ಲಿದ್ದ ಚೂರು ನೋಡಿ, "ಮಾಮಾ, ನನ್ನ ಕ್ಯಾಥೋಡೂ ಹಿಂಗ ಬಿರೀತದ" ಎಂದಳು. ಬ್ಯಾಟರಿಯ ಈ ಭಾಗ ಪದರ ಪದರವಾಗಿರುತ್ತದಂತೆ. ಚಾರ್ಜ್ ಮಾಡಿದಾಗ ಸೋಡಿಯಂ ಅದರಿಂದ ಹೊರಗೆ ಹೋಗುತ್ತದೆ, ಬಳಸಿದಾಗ ಮರಳಿ ಬರುತ್ತದೆ. ಅದೊಂದು ದಪ್ಪ ಆಸಾಮಿ. ಹೋಗಿ ಬರುವ ಗದ್ದಲದಲ್ಲಿ ಪದರಗಳು ಜರುಗಿ ಬಿರುಕು ಬಿಡುತ್ತವೆ. ದಿನಾ ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವ ನನಗೆ ಸೋಡಿಯಂ ನಮ್ಮವನೇ ಅನಿಸಿತು.

"ಅದಕ್ಕೇನ್ ಮಾಡ್ತಿ?"

"ಚೂರು ಮೆಗ್ನೀಷಿಯಂ ಕೂಡಸ್ತೀನಿ. ಡೋಪಿಂಗ್ ಅಂತಾರ. ಅದು ತಾನು ಚಾರ್ಜ್ ಹಿಡಿಯಂಗಿಲ್ಲ, ಸುಮ್ನ ಕುಂತಿರ್ತದ. ಅದು ಕುಂತಿದ್ದಕ್ಕ ಪದರ ನೆಟ್ಟಗ ನಿಂದರ್ತಾವ."

"ಹಂಗಾರ ಜಾಸ್ತಿನೇ ಹಾಕು."

"ಜಾಸ್ತಿ ಹಾಕಿದ್ರ ಬ್ಯಾಟ್ರಿ ಹಿಡಿಯೋ ಚಾರ್ಜೇ ಕಮ್ಮಿ ಆಗ್ತದ. ಎಷ್ಟು ಹಾಕ್ಬೇಕು ಅಂತ ಹುಡುಕೂದ್ರಾಗ ಮೂರು ವರ್ಷ ಹೋದ್ವು ಮಾಮಾ."

ಮರುದಿನ ಜೋಳ ಹಿಡಿದು ಗಿರಣಿಗೆ ಹೋದೆ. ಗಿರಣಿಯ ಖಾಜಾಸಾಬ್ ಡಬ್ಬಿಯಲ್ಲಿ ಇಣುಕಿದ. "ಉದ್ದಿನಬ್ಯಾಳಿ ಹಾಕಿಲ್ಲೇನ್ರಿ ಸಾಹೇಬ್ರ? ಹಳೀ ಜ್ವಾಳಕ್ಕ ಜಿಗಿ ಇರಂಗಿಲ್ಲ, ರೊಟ್ಟಿ ಬಿರೀತದ. ಅಕ್ಕೋರು ಯಾವಾಗ್ಲೂ ಒಂದು ಹಿಡಿ ಕೂಡ್ಸೇ ತರ್ತಿದ್ರು. ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಅಂಗಡಿಯಿಂದ ಬೇಳೆ ತಂದು, ಒಂದು ಹಿಡಿ ತುಂಬಿ ಹಾಕಿ ಬೀಸಿಸಿದೆ. ರೊಟ್ಟಿ ಬಿರಿಯಲಿಲ್ಲ, ನಿಜ, ಹರಿಯಲೂ ಇಲ್ಲ. ಚಪ್ಪಲಿಯ ಅಟ್ಟೆಯಾದೀತು ಎನ್ನುವಂತಿತ್ತು.

"ಮಾಮಾ, ಒಂದು ಹಿಡಿ ಅಂದ್ರ ಶಾಂತಾ ಅತ್ತಿ ಹಿಡಿ" ಎಂದಳು ರೇಖಾ. "ನಿಂದು ಅದರ ಎರಡರಷ್ಟು ಅದ."

ಮತ್ತೆ ಜೋಳ ಅಳೆದೆವು. ಈ ಸಲ ಬೇಳೆಯ ಡಬ್ಬಿಗೆ ಅವಳು ಕೈ ಹಾಕಿದಳು. ಅವಳದು ಶಾಂತಾಳಂಥದೇ ಸಣ್ಣ ಕೈ.

ಎಡೆಗೆ ಇಡೀ ರೊಟ್ಟಿ ಇಟ್ಟೆ. ಸ್ವಲ್ಪ ಚೌಕವಾಗಿತ್ತು, ಇರಲಿ. ಊಟಕ್ಕೆ ಕುಳಿತ ಪಕ್ಕದ ಮನೆಯ ನಾಗಮ್ಮ ಒಂದು ತುತ್ತು ಮುರಿದು, "ಅಣ್ಣಾರ, ಭಾಳ ಮೆತ್ತಗ ಆಗ್ಯಾವಲ್ಲ, ಏನ್ ಕೂಡ್ಸೀರಿ?" ಎಂದು ಕೇಳಿದರು. ರೇಖಾ ನನ್ನ ಮುಖ ನೋಡಿದಳು.

"ಬರೇ ಜ್ವಾಳರಿ" ಎಂದೆ. ತಲೆ ತಗ್ಗಿಸಿ ಅವರ ತಾಟಿಗೆ ಇನ್ನೊಂದು ಹಾಕಿದೆ.