ಮನೆಮಂದಿಗೆಲ್ಲ ನೂರೆಂಟು

ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬಾರದೆಂಬ ಬುದ್ಧಿಯನ್ನು ಶಿವ ನನಗೆ ಕೊಡಲಿಲ್ಲ. ಗಂಟಲನ್ನು ಮಾತ್ರ ಗಟ್ಟಿಯಾಗಿ ಕೊಟ್ಟ. ಅದೂ ಅವನ ಕೃಪೆಯೇ ಅನ್ನಿ, ಬೀದಿಯ ತುದಿ ದಾಟಿದ ಸೊಪ್ಪಿನವಳೂ ನನ್ನ ಒಂದೇ ಕೂಗಿಗೆ ತಿರುಗುತ್ತಾಳೆ.

ನನ್ನ ಮಗಳು ಶ್ವೇತಾ ಇಲ್ಲೇ ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಾಳೆ. ಪುಸ್ತಕವೆಲ್ಲ ಬಾಯಿಪಾಠ. ಆದರೆ ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸು ಎಂದರೆ ನಲವತ್ತರ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ಪ್ರಾಕ್ಟಿಕಲ್‌ನಲ್ಲಿ ಅದಕ್ಕೇ ಫೇಲಾದಳು. ಸೋಮವಾರ ಮರುಪರೀಕ್ಷೆ, ಅದೂ ಹೋದರೆ ವರ್ಷವೇ ಹೋದಂತೆ. ಅಳುತ್ತಾ ಕೂತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಅಳಬ್ಯಾಡ. ಒಂದೊಂದು ಬಡಿತಕ್ಕೆ ಒಂದ್ಸಲ 'ಶಿವಾ' ಅನ್ನು, ಇನ್ನೊಂದು ಕೈಯಾಗೆ ಬೆರಳ ಗೆಣ್ಣು ಎಣಿಸು. ಇಷ್ಟು ವರ್ಷ ಜಪ ಮಾಡೀನಿ, ನಂಗೆ ಒಂದಿನಾನೂ ಲೆಕ್ಕ ತಪ್ಪಿಲ್ಲ."

ಮೊದಲು ನಮ್ಮತ್ತೆಯ ನಾಡಿ ಹಿಡಿದಳು: ನೂರೆಂಟು. ನನ್ನದು: ನೂರೆಂಟು. ಮಗಳ ಮುಖ ಬಿಳಿಚಿತು. "ನೂರು ದಾಟಬಾರದಮ್ಮಾ!" ಇನ್ನು ಉಪ್ಪು ಮುಟ್ಟಬಾರದೆಂದು ನಾನು ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿ, ಎಲ್ಲರ ಹಣೆಗೂ ವಿಭೂತಿ ಹಚ್ಚಿದೆ. ಅತ್ತೆಗೆ ಮಾತ್ರ ಬಲು ಹಿಗ್ಗು. "ಅತ್ತೆ-ಸೊಸಿದು ಒಂದೇ ನಾಡಿ! ಯಾವ ಮನ್ಯಾಗೈತೆ ಹೇಳ್ರಿ!"

ಅಂಗಡಿಯಿಂದ ಬಂದ ಯಜಮಾನರಿಗೂ ನೂರೆಂಟೇ ಬಂತು.

"ಆ ಫ್ರಿಜ್ಜಿನ ನಾಡೀನೂ ಹಿಡಿಯವ್ವಾ, ಅದೂ ನೂರೆಂಟೇ ಇರ್ತೈತೆ" ಎಂದರು. "ಗಡಿಯಾರ ನೋಡಿದ್ಯಾ?"

"ಜಪ ಅಂದ್ಮೇಲೆ ನೂರೆಂಟಕ್ಕೇ ನಿಲ್ಸೋದಲ್ವಾ ಅಪ್ಪಾ?"

ಯಜಮಾನರು ನನ್ನ ಕಡೆ ತಿರುಗಿದರು. ನಾನು ಉಪ್ಪಿನಕಾಯಿ ಇಳಿಸಲು ಎದ್ದೆ.

ಆಮೇಲೆ ಎರಡು ದಿನ ಅವರು ಗಡಿಯಾರ ಹಿಡಿದು, ನಿಮಿಷವಾಗುತ್ತಲೇ "ಸ್ಟಾಪ್" ಎಂದು ಕೂಗುತ್ತಾ ಕೂತರು. ನನ್ನದು ಎಪ್ಪತ್ತೆರಡಕ್ಕಿಳಿಯಿತು. ಶಿವ ದೊಡ್ಡವನು.

ಸೋಮವಾರ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕಿದ್ದು ಸಾರಥಿ ಎಂಬ ಹಳ್ಳಿಯ ಒಬ್ಬ ಅಜ್ಜಿ. ಮಗಳ ತುಟಿ ಅಲ್ಲಾಡುವುದನ್ನು ಕಂಡು ಅಜ್ಜಿ ಹೌಹಾರಿದರಂತೆ. "ಯಾಕವ್ವಾ, ನನ್ನ ಕೈ ಹಿಡ್ಕಂಡು ಶಿವನ್ನ ಕರೀತೀಯ? ಅಷ್ಟು ಕೆಟ್ಟೈತಾ?" ವಾರ್ಡಿಗೆ ವಾರ್ಡೇ ನಕ್ಕಿತು. ಮಗಳ ಎಣಿಕೆ ಮಾತ್ರ ತಪ್ಪಲಿಲ್ಲ: ಎಪ್ಪತ್ತಾರು. ಪರೀಕ್ಷೆ ಮಾಡುತ್ತಿದ್ದ ಮೇಡಂ ತಾವೇ ಎಣಿಸಿದರೂ ಅಷ್ಟೇ. "ಪಾಸು. ಇನ್ಮೇಲೆ ಶಿವನ್ನ ಮನಸಿನಾಗೇ ಕರಿ ತಾಯಿ" ಎಂದರಂತೆ.

ಹರಿಹರದ ಗುಡಿಗೆ ಹೋಗಿ ಕಾಯಿ ಒಡೆಸಿ, ಅಲ್ಲೇ ಜಪಕ್ಕೆ ಕೂತೆ. ಎಪ್ಪತ್ತೆರಡಕ್ಕೆ ಬೆರಳು ತಾನಾಗಿ ನಿಂತಿತು. ನೋಡಿದರೆ, ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿದೆ! ದೇವರೆದುರು ನಾನೇ ಫೇಲು. ಅವನ ಮರುಪರೀಕ್ಷೆ ದಿನಾ ಬೆಳಿಗ್ಗೆ ಇರುತ್ತದೆ, ಸದ್ಯ.