ನನ್ನ ವರದಿಗೆ ನಾನೇ ತಜ್ಞ

ಪುಸ್ತಕ ಬರೆಯುವವರಿಗೆ ತಾವು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಕೊರಗು ಇರುತ್ತದಂತೆ. ನನಗೆ ಆ ಕೊರಗಿಲ್ಲ. ನಾನು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಭರವಸೆಯ ಮೇಲೆಯೇ ಇಪ್ಪತ್ತೆರಡು ವರ್ಷದಿಂದ ಚೆನ್ನೈಯಲ್ಲಿ ಸಂಸಾರ ನಡೆಸಿದ್ದೇನೆ. ಪೆರುಂಗುಡಿಯ ಗಾಜಿನ ಸಾಫ್ಟ್‌ವೇರ್ ಕಟ್ಟಡಗಳ ನಡುವೆ ಮುದುಡಿಕೊಂಡಿರುವ ಒಂದು ಮೂರನೇ ಮಹಡಿಯಲ್ಲಿ ನಮ್ಮ ಸಂಸ್ಥೆಯಿದೆ. ಯಾರಾದರೂ ಕಾರ್ಖಾನೆ ಕಟ್ಟಬೇಕೆಂದರೆ ಅದರಿಂದ ಗಾಳಿಗೆ, ನೀರಿಗೆ, ಅಕ್ಕಪಕ್ಕದ ಜನಕ್ಕೆ ಏನಾಗುತ್ತದೆ ಎಂದು ಮೊದಲೇ ವರದಿ ಬರೆಸಿ ಸರ್ಕಾರಕ್ಕೆ ಕೊಡಬೇಕು. ಅದನ್ನು ಬರೆಯುವುದು ನಮ್ಮ ಕಸುಬು. ಬರೆಸುವವರು ಕಾರ್ಖಾನೆಯವರೇ ಆದ್ದರಿಂದ ಏನೂ ಆಗುವುದಿಲ್ಲ ಎಂದು ಬರೆಯುತ್ತೇವೆ. ಹಾಗೆಂದು ಒಂದೇ ಸಾಲಿನಲ್ಲಿ ಬರೆದರೆ ಗೌರವ ಇರುವುದಿಲ್ಲ. ಆರುನೂರು ಪುಟಗಳಲ್ಲಿ ಬರೆಯಬೇಕು. ಆರುನೂರು ಪುಟವನ್ನು ಪ್ರತಿ ಸಲವೂ ಹೊಸದಾಗಿ ಬರೆಯಲು ನಾನೇನು ಋಷಿಯಲ್ಲ. ಹಳೆಯ ವರದಿಯೊಂದನ್ನು ತೆರೆದು ಊರಿನ ಹೆಸರು ಬದಲಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ನಗರದ ಉತ್ತರಕ್ಕೆ, ಅಳಿವೆಯ ದಡದಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಬರಲಿತ್ತು. ಅದರ ವರದಿಯೂ ನನ್ನದೇ. ಕಾನೂನಿನ ಪ್ರಕಾರ ಊರಿನವರ ಅಹವಾಲು ಕೇಳುವ ಸಭೆ ನಡೆಯಿತು. ನಾನು ಹೋಗಿರಲಿಲ್ಲ. ಹೋಗಿ ಬಂದ ನಮ್ಮ ಬಾಸ್ ಸುಂದರಂ ಮುಖ ಸಿಂಡರಿಸಿಕೊಂಡು ಹೇಳಿದರು: ಕನ್ನಿಯಮ್ಮ ಎಂಬ ಹೆಂಗಸು, ಅಳಿವೆಯಲ್ಲಿ ಸಿಗಡಿ ಹಿಡಿಯುವ ಹೆಂಗಸರ ಸಂಘದ ಅಧ್ಯಕ್ಷೆಯಂತೆ, ವರದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಧಿಕಾರಿಯನ್ನು ಕೇಳಿದಳಂತೆ. "ಇಷ್ಟು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟು ಅಭಿಪ್ರಾಯ ಹೇಳಿ ಅಂದ್ರೆ ಏನು ಹೇಳೋದು? ಭಾರ ಇದೆ ಅಂತ ಹೇಳಬಹುದು. ನಮ್ಮ ಕಡೆಯಿಂದ ಇದನ್ನ ಓದೋಕೆ ತಿಳಿದವರೊಬ್ಬರು ಬೇಕು. ಅವರ ಖರ್ಚು ಕಾರ್ಖಾನೆಯವರೇ ಕೊಡಲಿ." ಅಧಿಕಾರಿಗೆ ಅದು ಸರಿಯೆನ್ನಿಸಿ ಸಭೆಯನ್ನು ಮುಂದಕ್ಕೆ ಹಾಕಿದ್ದರು. ಕಾರ್ಖಾನೆಯವರು 'ಜನರ ಪಾಲ್ಗೊಳ್ಳುವಿಕೆ ನಿಧಿ' ಎಂದು ಒಂದಿಷ್ಟು ಹಣ ತೆಗೆದಿಡಬೇಕಾಯಿತು.

ನಿಧಿಯ ನಿಯಮಾವಳಿ ಬರೆಯುವ ಕೆಲಸ ನನ್ನ ಮೇಜಿಗೆ ಬಂತು. ಸುಂದರಂ ಕುರ್ಚಿ ಎಳೆದುಕೊಂಡು ಕೂತು, "ನಿಧಿ ಇರಬೇಕು. ಆದರೆ ಕೈಗೆ ಸಿಗಬಾರದು. ನಿಮಗೆ ಹೇಳಿಕೊಡಬೇಕಾ?" ಎಂದರು. ಹೇಳಿಕೊಡಬೇಕಾಗಿರಲಿಲ್ಲ. ಅರ್ಜಿ ಹನ್ನೆರಡು ಪುಟ, ಇಂಗ್ಲಿಷಿನಲ್ಲಿ. ಸಂಘ ನೋಂದಣಿಯಾಗಿರಬೇಕು, ಮಹಾಸಭೆಯ ನಡಾವಳಿ ಬೇಕು, ಪ್ರತಿಯೊಂದಕ್ಕೂ ದೃಢೀಕೃತ ನಕಲು ಬೇಕು, ತಜ್ಞರನ್ನು ನಾವು ಒಪ್ಪಿದ ಪಟ್ಟಿಯಿಂದಲೇ ಆರಿಸಬೇಕು, ಎಲ್ಲವೂ ಹದಿನೈದು ದಿನದಲ್ಲಿ. ಬರೆದು ಮುಗಿಸಿದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಮನೆಗೆ ಬಂದು ಹೆಂಡತಿ ಜಯಳಿಗೆ ಹೇಳಿದೆ. ಮಂಡ್ಯದವಳು, ಮಾತಿಗೆ ಮುಲಾಜಿಲ್ಲ. "ಬಾಗ್ಲು ಮಾಡ್ಸಿ ಬೀಗ ಹಾಕ್ದಂಗೆ ಆಯ್ತಲ್ರೀ. ಇದಕ್ಕೂ ಸಂಬಳ ಕೊಡ್ತಾರಾ?" ಎಂದಳು.

ಒಂಬತ್ತನೇ ದಿನ ಅರ್ಜಿ ಬಂತು. ಒಂದು ಕಾಗದವೂ ಕಡಿಮೆಯಿರಲಿಲ್ಲ. ಆ ಹೆಂಗಸು ಸಂಘ ಶುರುವಾದ ದಿನದಿಂದ ಪ್ರತಿಯೊಂದು ಚೀಟಿಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿಯ ಡಬ್ಬಿಯೊಳಗೆ ಇಟ್ಟಿದ್ದಳಂತೆ. ಕಾಗದಗಳನ್ನು ಬಿಡಿಸಿದಾಗ ನನ್ನ ಮೇಜಿನ ಮೇಲೆ ನಾಲ್ಕು ಕಾಳು ಅಕ್ಕಿ ಉದುರಿದವು. ಇನ್ನುಳಿದದ್ದು ತಜ್ಞರ ಪಟ್ಟಿ. ಅದರಲ್ಲಿ ಮೂರು ಹೆಸರಿದ್ದವು. ಒಬ್ಬರು ಆಗಲೇ ತೀರಿಕೊಂಡಿದ್ದರು. ಇನ್ನೊಬ್ಬರು ಕಾರ್ಖಾನೆಯ ಮಾಲೀಕರ ಭಾವಮೈದುನ. ನಾಚಿಕೆಪಟ್ಟು ತಾವೇ ಹಿಂದೆ ಸರಿದರು. ಮೂರನೆಯದು ನಮ್ಮದೇ ಸಂಸ್ಥೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದ್ದ ಅಂಗಸಂಸ್ಥೆ. ಅದೇ ಮಹಡಿ, ಅದೇ ಕುರ್ಚಿ, ಲೆಟರ್‌ಹೆಡ್ ಮಾತ್ರ ಬೇರೆ. ಕನ್ನಿಯಮ್ಮ ಅದನ್ನೇ ಆರಿಸಿದಳು, ಬೇರೆ ಯಾವುದನ್ನು ಆರಿಸಿಯಾಳು? ಹೀಗೆ, ನಾನು ಬರೆದ ವರದಿಯಲ್ಲಿ ತಪ್ಪು ಹುಡುಕಿ ಊರಿನವರಿಗೆ ತಿಳಿಸುವ ತಜ್ಞನಾಗಿ ನನ್ನನ್ನೇ ಕಳಿಸಲಾಯಿತು. ವರದಿಯ ಮೇಲೆ ನನ್ನ ಹೆಸರಿರಲಿಲ್ಲ, ಆದ್ದರಿಂದ ಯಾರಿಗೂ ಮುಜುಗರವಿಲ್ಲ.

ಒಂದು ಸಂಜೆ ಬಲೆ ಹೆಣೆಯುವ ಚಪ್ಪರದ ಕೆಳಗೆ ನಲವತ್ತು ಹೆಂಗಸರು ಕೂತಿದ್ದರು. ಗಾಳಿಯ ಗುಣಮಟ್ಟದ ಕೋಷ್ಟಕಗಳಿಂದ ಶುರುಮಾಡಿ, ಅವರಿಗೆ ತೂಕಡಿಕೆ ಬಂದ ಮೇಲೆ ಹೊರಟುಬಿಡುವುದು ನನ್ನ ಯೋಜನೆ. ಕನ್ನಿಯಮ್ಮ ಚಹಾ ಕೊಟ್ಟು, "ಅದೆಲ್ಲ ಆಮೇಲೆ ಸಾರ್. ನಮ್ಮ ಊರಿನ ಬಗ್ಗೆ ಏನು ಬರೆದಿದ್ದಾರೆ, ಅದನ್ನ ಮೊದಲು ಓದಿ" ಎಂದಳು. ಪುಟ ತೆಗೆದು ತಮಿಳಿನಲ್ಲಿ ಹೇಳುತ್ತಾ ಹೋದೆ. ದಡದಲ್ಲಿರುವುದು ನಿರುಪಯುಕ್ತ ಜೌಗು. ಇಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಜನರ ಮುಖ್ಯ ಸಮಸ್ಯೆಯೆಂದರೆ ಕಾಡಾನೆಗಳು ಬಂದು ಬೆಳೆ ತುಳಿಯುವುದು.

ಕೊನೆಯ ವಾಕ್ಯ ಬಾಯಿಂದ ಹೊರಬಿದ್ದ ಮೇಲೆಯೇ ನನಗೆ ಹೊಳೆದದ್ದು. ಅದು ಹಾಸನದ ಕಡೆಯ ಒಂದು ಹಳೆಯ ವರದಿಯ ಪ್ಯಾರಾ. ಊರಿನ ಹೆಸರು ಬದಲಿಸಿದ್ದೆ, ಆನೆಗಳನ್ನು ಓಡಿಸಲು ಮರೆತಿದ್ದೆ.

ಚಪ್ಪರವೇ ಹಾರಿಹೋಗುವಂಥ ನಗು. ಒಬ್ಬ ಮುದುಕಿ, "ಆನೆ ಬರಲಿ ಬಿಡು, ಸೊಂಡಿಲಿಂದ ಆಶೀರ್ವಾದ ಮಾಡಿಸ್ಕೊಳ್ಳೋಣ" ಎಂದಳು. ನಾನೂ ನಕ್ಕೆ. ನಗದೆ ಇದ್ದವಳು ಕನ್ನಿಯಮ್ಮ ಒಬ್ಬಳೇ.

"ಆನೆ ಇದೆ. ನಾವಿಲ್ಲ" ಎಂದಳು.

ನನ್ನನ್ನು ಎಬ್ಬಿಸಿಕೊಂಡು ನೀರಿನ ಹತ್ತಿರ ಕರೆದುಕೊಂಡು ಹೋದಳು. ಎದೆಮಟ್ಟ ನೀರಿನಲ್ಲಿ ತಾಳೆಗರಿಯ ಬುಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಕೆಸರು ತಡವಿ ಸಿಗಡಿ ಹಿಡಿಯುವುದು ಹೇಗೆಂದು ದಡದಲ್ಲೇ ಬಗ್ಗಿ ತೋರಿಸಿದಳು. ಬುಟ್ಟಿ ಕಚ್ಚಿ ಕಚ್ಚಿ ಅವಳ ಮುಂದಿನ ಹಲ್ಲುಗಳು ಸವೆದು ಗೆರೆಯಾಗಿದ್ದವು. "ಬೆಳಗಿನ ಇಳಿತಕ್ಕೆ ನೀರಿಗಿಳಿದ್ರೆ ಹತ್ತು ಗಂಟೆಗೆ ಮೇಲೆ ಬರ್ತೀವಿ. ಇದನ್ನ ಬರೆದ ಮಹಾನುಭಾವ ನಮ್ಮ ಊರಿಗೆ ಬಂದೇ ಇಲ್ಲ ಸಾರ್."

"ಬಂದಿರಲಾರ" ಎಂದೆ. ಬಂದಿದ್ದೆ. ಹನ್ನೊಂದೂವರೆಗೆ ಬಂದು, ಬಿಸಿಲು ಜೋರಿದೆಯೆಂದು ಕಾರಿನ ಗಾಜು ಕೂಡ ಇಳಿಸದೆ ಹೋಗಿದ್ದೆ.

ಆ ಸಂಜೆ ನನಗೇನಾಯಿತೋ ಗೊತ್ತಿಲ್ಲ. ಮತ್ತೆ ಚಪ್ಪರಕ್ಕೆ ಬಂದು ಕೂತು, ಎಲ್ಲೆಲ್ಲಿ ಏನನ್ನು ಅಡಗಿಸಿಟ್ಟಿದ್ದೆನೋ ಅದನ್ನೆಲ್ಲ ಒಂದೊಂದಾಗಿ ತೆಗೆದು ಹೇಳಿದೆ. ಕಾರ್ಖಾನೆಯ ಬಿಸಿನೀರಿನ ಕೊಳವೆ ಅವರು ನಿಲ್ಲುವ ಜಾಗಕ್ಕೇ ಬಂದು ತೆರೆದುಕೊಳ್ಳುತ್ತದೆ; ಮರಿ ಸಿಗಡಿ ಉಳಿಯುವುದಿಲ್ಲ; ನಕ್ಷೆಯಲ್ಲಿ ಅಳಿವೆಯನ್ನು ಬೇಕೆಂದೇ ದೂರ ತೋರಿಸಲಾಗಿದೆ. "ಒಪ್ಪಬೇಡಿ" ಎಂದೂ ಹೇಳಿದೆ. ನಲವತ್ತು ಜನ ನನ್ನ ಮಾತನ್ನು ಮಿಸುಕದೆ ಕೇಳಿದರು. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಬರಹಕ್ಕೆ ಓದುಗರು ಸಿಕ್ಕಿದ್ದರು. ಹೊರಡುವಾಗ ಬೇಡಬೇಡವೆಂದರೂ ಒಂದು ಚೀಲ ಸಿಗಡಿ ಕೈಗೆ ತುರುಕಿದರು.

ಜಯ ಸಿಗಡಿ ಹುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. "ನಿಜ ಹೇಳಿದ್ರಾ? ನೀವಾ?" ಎಂದಳು. ಒಲೆ ಆರಿಸಿ, "ಬಾಯಲ್ಲಿ ಹೇಳಿದ್ದು ಸರಿ. ಬರ್ಕೊಡ್ತೀರಾ?" ಎಂದು ಕೇಳಿದಳು. ನಾಳೆ ಬರೆಯುತ್ತೇನೆ ಎಂದೆ.

ಮರುದಿನ ನಾನು ಹೋಗುವ ಮೊದಲೇ ಸುದ್ದಿ ಆಫೀಸು ತಲುಪಿತ್ತು. ಸುಂದರಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಏನಾದರೂ ರೋಷ ಹುಟ್ಟುತ್ತಿತ್ತೋ ಏನೋ. ಕಾಫಿ ತರಿಸಿಕೊಟ್ಟು, "ಬಾಯಲ್ಲಿ ಏನು ಬೇಕಾದರೂ ಹೇಳಿಕೊಳ್ಳಿ, ಪೇಪರ್ ಅಂದರೆ ಪೇಪರ್" ಎಂದರು. ಆಮೇಲೆ, "ನಿಮ್ಮ ಮಗಳು ಈಗ ಕಾಲೇಜು ಮೂರನೇ ವರ್ಷ ಅಲ್ವಾ?" ಎಂದು ವಿಚಾರಿಸಿದರು. ಹೌದೆಂದೆ. ಊಟದ ಹೊತ್ತಿಗೆ ನನ್ನ ಅಭಿಪ್ರಾಯ ತಯಾರಾಗಿತ್ತು: ವರದಿ ಒಟ್ಟಾರೆ ತೃಪ್ತಿಕರವಾಗಿದೆ, ಆನೆಗಳಿಗೆ ಸಂಬಂಧಿಸಿದ ಸಣ್ಣ ಅಚ್ಚಿನ ದೋಷವನ್ನು ಸರಿಪಡಿಸಬಹುದು. ಒಂದು ಆನೆಹಿಂಡನ್ನೇ ಅಚ್ಚಿನ ದೋಷ ಮಾಡಿದವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಮುಂದೂಡಿದ ಸಭೆ ಎಗ್ಮೋರಿನ ಒಂದು ಸಭಾಂಗಣದಲ್ಲಿ ನಡೆಯಿತು. ಕನ್ನಿಯಮ್ಮ ಎದ್ದು ನಿಂತು ಕೊಳವೆ, ಬಿಸಿನೀರು, ಮರಿ ಸಿಗಡಿ, ನಕ್ಷೆ, ಎಲ್ಲವನ್ನೂ ನಾನು ಹೇಳಿಕೊಟ್ಟ ಕ್ರಮದಲ್ಲೇ ಹೇಳಿದಳು. ನನಗಿಂತ ಚೆನ್ನಾಗಿಯೇ ಹೇಳಿದಳು. ಅಧಿಕಾರಿ ಫೈಲು ಮಗುಚಿ, "ನಿಮ್ಮ ತಜ್ಞರೇ ತೃಪ್ತಿಕರ ಅಂತ ಬರೆದುಕೊಟ್ಟಿದ್ದಾರಲ್ಲಮ್ಮ?" ಎಂದರು.

"ಅದು ಹೇಗೆ ಸಾರ್? ಇದನ್ನೆಲ್ಲ ನಮಗೆ ಓದಿ ಹೇಳಿದ್ದೇ ಅವರು. ಅಲ್ಲೇ ಕೂತಿದ್ದಾರೆ, ಕೇಳಿ" ಎಂದು ನನ್ನತ್ತ ತಿರುಗಿದಳು. ಆ ಮುಖದಲ್ಲಿ ಇನ್ನೂ ಅನುಮಾನವಿರಲಿಲ್ಲ. ಎಲ್ಲೋ ಗುಮಾಸ್ತರು ಕಾಗದ ಅದಲುಬದಲು ಮಾಡಿದ್ದಾರೆ, ಈಗ ಇವರು ಎದ್ದು ಸರಿಪಡಿಸುತ್ತಾರೆ ಎನ್ನುವಂತಿತ್ತು.

ಎದ್ದು ನಿಂತೆ. "ಸರ್, ನಾನು ಕರ್ನಾಟಕದವನು. ನನ್ನ ತಮಿಳು ಅಷ್ಟಕ್ಕಷ್ಟೆ. ನಾನು ಹೇಳಿದ್ದು ಒಂದು, ಇವರಿಗೆ ಅರ್ಥವಾದದ್ದು ಇನ್ನೊಂದು ಆಗಿರಬಹುದು" ಎಂದೆ. ಇಷ್ಟನ್ನೂ ಹೇಳಿದ್ದು ಒಂದಕ್ಷರ ತಪ್ಪಿಲ್ಲದ ತಮಿಳಿನಲ್ಲಿ. ಅಧಿಕಾರಿ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸದಿರುವುದೇ ಅವರ ಕೆಲಸವಾಗಿತ್ತು. ಜನ ತಮ್ಮ ಆಯ್ಕೆಯ ತಜ್ಞರ ಮೂಲಕ ಪಾಲ್ಗೊಂಡಿದ್ದಾರೆ ಎಂದು ನಡಾವಳಿಯಲ್ಲಿ ಬರೆಸಿದರು. ಕಾರ್ಖಾನೆಗೆ ಒಪ್ಪಿಗೆ ಸಿಕ್ಕಿತು.

ಸಭೆ ಮುಗಿದ ಮೇಲೆ ಗೇಟಿನ ಬಳಿ ಹೆಂಗಸರು ತಮ್ಮ ವ್ಯಾನಿಗೆ ಕಾಯುತ್ತಿದ್ದರು. ಗೋಡೆ ಸವರಿಕೊಂಡು ನುಸುಳಲು ನೋಡಿದೆ. ಕನ್ನಿಯಮ್ಮ ಕಂಡಳು, ಬಂದಳು. ಬೈಯುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದು ಕಾದೆ. ಅದಕ್ಕೆ ಸಿದ್ಧನಾಗಿಯೂ ಇದ್ದೆ. ಅವಳು ಹಾಗೇನೂ ಮಾಡಲಿಲ್ಲ. ಹೊರದೇಶದಿಂದ ಬಂದವನೊಡನೆ ಮಾತಾಡುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ, ಜೋರಾಗಿ, ಕೈಸನ್ನೆ ಮಾಡುತ್ತಾ ಹೇಳಿದಳು. "ನಾಂಗ..." ಎಂದು ಎದೆ ಮುಟ್ಟಿಕೊಂಡಳು. "ಪೋರೋಂ." ವ್ಯಾನಿನ ಕಡೆ ಕೈ ತೋರಿಸಿದಳು. "ನೀಂಗ..." ನನ್ನತ್ತ ಬೆರಳು. "ವೀಟುಕ್ಕು... ಪೋಂಗ." ನಾವು ಹೊರಟೆವು, ನೀವು ಮನೆಗೆ ಹೋಗಿ. ಆಮೇಲೆ ಮುಖವನ್ನು ಹತ್ತಿರ ತಂದು, ಇನ್ನೂ ನಿಧಾನವಾಗಿ, "ಪುರಿಯುದಾ?" ಎಂದು ಕೇಳಿದಳು. ಅರ್ಥವಾಯಿತೇ?

ನಲವತ್ತು ಹೆಂಗಸರು ನನ್ನ ಉತ್ತರಕ್ಕಾಗಿ ನೋಡುತ್ತಿದ್ದರು. ಹೌದೆಂದರೆ ಒಳಗೆ ಹೇಳಿದ್ದು ಸುಳ್ಳಾಗುತ್ತದೆ. ಅದು ನಡಾವಳಿಯಲ್ಲಿ ದಾಖಲಾಗಿಬಿಟ್ಟಿದೆ. ಇಲ್ಲವೆಂದು ತಲೆಯಾಡಿಸಿದೆ.